ಮಲೆನಾಡಿನ ಮಳೆಗೆ ವಿಮಾನ, ಟ್ರಾಮ್ ಎಂಜಿನ್, ಲಾಂಚ್: ಯಂತ್ರಗಳ ಮ್ಯೂಸಿಯಂ ಮಾಡೋದಾದ್ರೆ ಮೊದಲ ದುಡ್ಡು ಎಲ್ಲಿಗೆ ಹಾಕಬೇಕು?

ತುಂಗಾತೀರ
ಶಿವಮೊಗ್ಗ ಜಿಲ್ಲೆಗೆ ಹಳೇ ವಿಮಾನ, ವಾಹನ, ಕಾರ್ಖಾನೆ ಯಂತ್ರಗಳ ಒಂದು ಮ್ಯೂಸಿಯಂ ಬೇಕು ಅಂತ ಪ್ರಸ್ತಾಪದ ಕರಡು ತಯಾರಾಗ್ತಿದೆ. ಇಡೋ ಸಾಮಾನಿಗೆ ಬರ ಇಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲು ಉರಿಸಿ ಬೀಡುಕಬ್ಬಿಣ ತೆಗೆಯೋಕೆ ಶುರು ಮಾಡ್ತು. ಅದಕ್ಕೆ ಕಾಡಿನಿಂದ ಸೌದೆ ಹೊತ್ತ ಟ್ರಾಮ್ ಇತ್ತು, ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿಸಿದ ರೋಪ್‌ವೇ ಇತ್ತು. ತರೀಕೆರೆ–ನರಸಿಂಹರಾಜಪುರದ 2 ಅಡಿ ಗೇಜಿನ ರೈಲು, ತಾಳಗುಪ್ಪ ಮೀಟರ್‌ಗೇಜಿನ ರೈಲ್‌ಬಸ್, ಜೋಗದ ಪೆಲ್ಟನ್ ಚಕ್ರ (ನೀರಿನ ರಭಸಕ್ಕೆ ತಿರುಗೋ ಟರ್ಬೈನು), ಕೊಪ್ಪದ ಸಹಕಾರ ಸಾರಿಗೆ ಬಸ್ಸು (1991ರಿಂದ 2020ರ ತನಕ ಓಡಿದ್ದು), ಅಕ್ಕಿ ಗಿರಣಿಗಳ ಆಯಿಲ್ ಎಂಜಿನ್. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಶರಾವತಿ ಹಿನ್ನೀರು ದಾಟಿಸ್ತಿದ್ದ ಹೊಳೆಬಾಗಿಲಿನ ಲಾಂಚ್ ಕೂಡ ಈ ಪಟ್ಟಿಗೆ ಬಂತು.

ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರೋದ್ರಿಂದ ಒಂದು ವಿಮಾನವೂ ಇರಲಿ ಅನ್ನೋದು ಎಲ್ಲರ ಆಸೆ. ವಾಯುಪಡೆಯಿಂದ ನಿವೃತ್ತವಾದ ಎಚ್‌ಎಎಲ್ ಕಿರಣ್ ಕೇಳೋಣ ಅಂತಿದೆ. ಯಾವುದನ್ನ ಹೊರಗೆ ಇಡಬಹುದು, ಯಾವುದು ಒಳಗೇ ಇರಬೇಕು, ಮೊದಲ ಕಂತಿನ ಹಣ ಎಲ್ಲಿಗೆ ಹಾಕಬೇಕು, ಗೊತ್ತಿರೋರು ಬಿಡಿಸಿ ಬರೀರಿ.

ಹಳೇಪಿಸ್ಟನ್
ಮೊದಲ ಕಂತು ಪೂರ್ತಿ ಮಾಡಿಗೆ (ಸೂರಿಗೆ), ನೆಲಕ್ಕೆ, ಚರಂಡಿಗೆ. ಒಂದು ರೂಪಾಯಿಯೂ ಸಾಮಾನಿಗೆ ಬೇಡ. ಸಾಮಾನು ಮೊದಲು ತಂದು ಅಂಗಳದಲ್ಲಿ ನಿಲ್ಲಿಸಿ, ಶೆಡ್ಡು ಮುಂದಿನ ಬಜೆಟ್ಟಿಗೆ ಅಂದರೆ ಮೂರು ಮಳೆಗಾಲಕ್ಕೆ ಅದು ಗುಜರಿ.

ಕಬ್ಬಿಣ ಮಳೆಗಿಂತ ಹೆಚ್ಚಾಗಿ ಗಾಳಿಯ ಪಸೆಗೇ ಹೋಗೋದು. ತೇವಾಂಶ ಶೇ 60 ದಾಟಿದ ಮೇಲೆ ತುಕ್ಕಿನ ವೇಗ ಒಮ್ಮೆಲೇ ಏರುತ್ತೆ, ಶೇ 50ರ ಕೆಳಗೆ ಹೆಚ್ಚುಕಮ್ಮಿ ನಿಲ್ಲುತ್ತೆ. ನಮ್ಮಲ್ಲಿ ಆರಿದ್ರೆಯಿಂದ ಆಶ್ಲೇಷದ ತನಕ ಹಗಲು ರಾತ್ರಿ ಶೇ 90ರ ಮೇಲೆ. ಜೊತೆಗೆ ದಪ್ಪ ಎರಕದ ಸಾಮಾನು ರಾತ್ರಿ ತಣ್ಣಗಾಗಿ ಬೆಳಗ್ಗೆ ಹತ್ತು ಗಂಟೆ ತನಕ ಹಾಗೇ ಇರುತ್ತೆ. ಹೊರಗಿನ ಬೆಚ್ಚನೆ ಗಾಳಿ ಒಳಗೆ ಬಂದ ಕೂಡಲೇ ಅದರ ಮೇಲೆ ನೀರು ಬೆವರುತ್ತೆ, ಮೇಲೆ ಮಾಡು ಇದ್ರೂ ಸರಿ. ಅದಕ್ಕೇ ಮಳೆಗಾಲದ ಬೆಳಗ್ಗೆ ಗಾಳಿ ಬರಲಿ ಅಂತ ಶೆಡ್ಡಿನ ಬಾಗಿಲು ತೆಗೆದಿಡೋದು ತಪ್ಪು ಅಭ್ಯಾಸ. ಮಧ್ಯಾಹ್ನ ಬಿಸಿಲು ಬಿದ್ದರೆ ತೆಗೀರಿ.

ಮಾಡಿನ ಚಾಚು ಕನಿಷ್ಠ 1.5 ಮೀಟರ್, ಪಡುವಣ ಬದಿಗೆ 2 ಮೀಟರ್. ಇಲ್ಲಿ ಮಳೆ ಮೇಲಿಂದ ಬೀಳೋದಕ್ಕಿಂತ ಇರಚಲು ಹೊಡೆಯೋದೇ ಹೆಚ್ಚು. ಮನೆಗೆ ಕಟ್ಟೋ ಹಾಗೆ ಸೋಗೆ ತಟ್ಟಿ ಕಟ್ಟಿಬಿಡೋಣ ಅನ್ನೋರು ಇರ್ತಾರೆ, ಬೇಡ. ಹುಳ, ಒರಲೆ, ಬೆಂಕಿ ಮೂರಕ್ಕೂ ಅದೇ ದಾರಿ. ನೆಲ ಸುತ್ತಲಿನ ಅಂಗಳಕ್ಕಿಂತ 60 ಸೆಂ.ಮೀ. ಎತ್ತರ, ಜಂಬಿಟ್ಟಿಗೆಯ ತಳಪಾಯ ಸಾಕು. ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಪಾಲಿಥೀನ್ ಹಾಳೆ ಹಾಸೋದನ್ನ ಮರೆತರೆ ನೆಲವೇ ಬೆವರುತ್ತೆ. ಆಮೇಲೆ ಒಡೆಯದೆ ಅದನ್ನ ಸರಿ ಮಾಡೋಕೆ ಬರಲ್ಲ.

ಜೋಗದಾರಿ
ಜಾಗ ಸಾಗರ ತಾಲೂಕಿನ ಕಡೆ ಇಟ್ಟರೆ ಜೋಗಕ್ಕೆ ಬರೋ ಜನ ಹಾಗೇ ಬರ್ತಾರಲ್ಲ? ಭದ್ರಾವತಿಗೆ ಯಾರು ಹೋಗ್ತಾರೆ ಮಾರಾಯ್ರೆ?

ಹಳೇಪಿಸ್ಟನ್
ಜನ ಬರ್ತಾರೆ, ಸಾಮಾನು ಹೋಗುತ್ತೆ. ಶಿವಮೊಗ್ಗ ಪೇಟೆಯ ಮಳೆ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು, ಆಗುಂಬೆಯದ್ದು ಏಳು ಸಾವಿರದ ಮೇಲೆ. ಘಟ್ಟದಂಚಿಗೆ ಹೋದಷ್ಟೂ ನಿರ್ವಹಣೆ ಖರ್ಚು ಏರುತ್ತೆ. ಭದ್ರಾವತಿ, ಶಿವಮೊಗ್ಗದ ಕಡೆ ಮಳೆ ಕಮ್ಮಿ, ರೈಲು ಹತ್ತಿರ, ಎರಕ, ಲೇತು, ಬೆಸುಗೆ ಬಲ್ಲ ಕೈಗಳು ಇನ್ನೂ ಇವೆ. ಯಂತ್ರದ ಮ್ಯೂಸಿಯಂಗೆ ಪ್ರವಾಸಿಗಿಂತ ಮೊದಲು ಬೇಕಾಗೋದು ಫಿಟ್ಟರ್. ಸಾಗರದಲ್ಲಿ ಲಾಂಚ್ ಒಂದನ್ನ ಇಡಿ, ಉಳಿದದ್ದು ಬಯಲು ಕಡೆ.

ಡ್ಯೂರಾಲ್
ವಿಮಾನದ ವಿಷಯ. ಕಿರಣ್ ಒಳ್ಳೇ ಆಯ್ಕೆ. 1964ರಲ್ಲಿ ಮೊದಲು ಹಾರಿದ್ದು, ಇಬ್ಬರು ಅಕ್ಕಪಕ್ಕ ಕೂರೋ ಜೆಟ್ ತರಬೇತಿ ವಿಮಾನ, ಉದ್ದ 10.6 ಮೀ., ರೆಕ್ಕೆ ತುದಿಯಿಂದ ತುದಿಗೆ 10.7 ಮೀ., ಖಾಲಿ ತೂಕ ಎರಡೂವರೆ ಟನ್ ಚಿಲ್ಲರೆ. 1961ರ ಮಾರುತ್ (ಎಚ್‌ಎಎಲ್‌ನದೇ ಯುದ್ಧವಿಮಾನ) ಸಿಕ್ಕರೆ ಹೆಮ್ಮೆಯೇ, ಆದರೆ ಅದು ಸುಮಾರು 16 ಮೀ. ಉದ್ದ, ಖಾಲಿ ತೂಕವೇ ಆರು ಟನ್ನಿನ ಮೇಲೆ.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅನ್ನೋದು ಪಾತ್ರೆಗೆ ಸರಿ. ವಿಮಾನದ ಡ್ಯೂರಾಲುಮಿನ್‌ನಲ್ಲಿ ತಾಮ್ರ ಬೆರೆಸಿರುತ್ತೆ, ಅದಕ್ಕೇ ಗಟ್ಟಿ, ಅದಕ್ಕೇ ಕೊರೆತ. ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತೆ. ಒಳಗೆ ರಿವೆಟ್ ಸಾಲಿನಲ್ಲಿ ಬಿಳೀ ಪುಡಿ ಬಂದು ತಗಡು ಪದರ ಪದರವಾಗಿ ಉಬ್ಬುತ್ತೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿರೋ ಕಡೆ ಮೊದಲು. ಮೆಗ್ನೀಸಿಯಂ ಮಿಶ್ರಲೋಹದ ಭಾಗ ಎಲ್ಲೆಲ್ಲಿದೆ ಅಂತ ಕೈಪಿಡಿ ನೋಡಿ ಗುರುತು ಮಾಡಿ, ಎಲ್ಲಕ್ಕಿಂತ ಮುಂಚೆ ಹೋಗೋದು ಅದು.

ವೃತ್ತದಲ್ಲಿ ಕಂಬದ ಮೇಲೆ ಮೂಗು ಮೇಲೆತ್ತಿ ನಿಲ್ಲಿಸೋ ಚಾಳಿಯಿಂದ ದೂರ ಇರಿ. ವಿಮಾನದ ಹೊಟ್ಟೆಯಲ್ಲಿ ನೀರು ಹೋಗೋ ತೂತುಗಳು ಅದು ಚಕ್ರದ ಮೇಲೆ ನಿಂತಾಗ ಕೆಳಗೆ ಬರೋ ಜಾಗದಲ್ಲಿರುತ್ತೆ. ಮೂಗು ಎತ್ತಿದರೆ ನೀರು ಬಾಲಕ್ಕೆ ಹರಿದು ಅಲ್ಲೇ ನಿಲ್ಲುತ್ತೆ. ಹತ್ತಿ ತೊಳೆಯೋಕೂ ಆಗಲ್ಲ, ಹಕ್ಕಿ ಗೂಡು ತೆಗೆಯೋಕೂ ಆಗಲ್ಲ. ನೆಲದ ಮೇಲೆ ಜ್ಯಾಕ್ ಪಾಯಿಂಟಿಗೆ ಸ್ಟ್ಯಾಂಡ್ ಕೊಟ್ಟು ಟೈರಿನ ಭಾರ ಇಳಿಸಿ. ತೂತುಗಳನ್ನ ಮಳೆಗೆ ಮುಂಚೆ ಒಮ್ಮೆ, ಮಳೆಯಲ್ಲಿ ಹದಿನೈದು ದಿನಕ್ಕೊಮ್ಮೆ ತಂತಿ ಹಾಕಿ ನೋಡಬೇಕು. ಕಣಜ ಮಣ್ಣುಗೂಡು ಕಟ್ಟಿ ಮುಚ್ಚಿಬಿಡುತ್ತೆ.

ಮಾಡಿನ ಕೆಳಗೆ ಇದ್ದರೂ ಪಾಚಿ ಬರುತ್ತೆ. ಅಂಗಳ ಜಾರುತ್ತೆ ಅಂತ ಹಾಕೋ ಬ್ಲೀಚಿಂಗ್ ಪೌಡರನ್ನ ವಿಮಾನಕ್ಕೆ ಹಾಕಿದರೆ ಕ್ಲೋರೈಡು ತಗಡನ್ನ ಚುಕ್ಕಿ ಚುಕ್ಕಿಯಾಗಿ ತಿನ್ನುತ್ತೆ. ವಿಮಾನ ನಿಂತ ನೆಲಕ್ಕೂ ಅದು ಬೇಡ, ಸಿಡಿಯುತ್ತೆ. ಸಾದಾ ಸೋಪಿನ ನೀರು, ಮೆತ್ತನೆ ಬ್ರಷ್, ಆಮೇಲೆ ಧಾರಾಳ ನೀರು. ಸ್ಟೀಲ್ ವೂಲ್ (ಉಜ್ಜೋ ಉಕ್ಕಿನ ನಾರು) ಮುಟ್ಟಿಸಬೇಡಿ, ಕಬ್ಬಿಣದ ಚೂರು ತಗಡಿಗೆ ಕಚ್ಚಿಕೊಂಡು ಕೊರೆತ ಶುರು ಮಾಡುತ್ತೆ. ಪೈಲಟ್ ಗೂಡಿನ ಪರ್ಸ್‌ಪೆಕ್ಸ್ (ಗಾಜಿನಂಥ ಪ್ಲಾಸ್ಟಿಕ್) ಒರೆಸೋಕೆ ಪೆಟ್ರೋಲ್, ಥಿನ್ನರ್ ಬಳಸಿದರೆ ಕೂದಲೆಳೆ ಬಿರುಕು ಬಂದು ಮಂಜಾಗುತ್ತೆ, ಮತ್ತೆ ತಿಳಿಯಾಗಲ್ಲ. ನೀಲಿ ಟಾರ್ಪಾಲಿನ್ ಹೊದಿಸಿ ಕಟ್ಟೋದು ಇನ್ನೊಂದು ಅನಾಹುತ: ಒಳಗೆ ಹಬೆ, ಹೊರಗೆ ಗಾಳಿಗೆ ಬಡಿದು ಬಡಿದು ಬಣ್ಣ ಸವೆಯುತ್ತೆ.

ತುಂಗಾತೀರ
ಸಾಗಣೆ ಹೇಗೆ ಸರ್? ರೆಕ್ಕೆ ಕತ್ತರಿಸಿ ತಂದು ಇಲ್ಲಿ ಬೆಸೆಯಬಹುದು ಅಂತ ಒಬ್ಬ ಕ್ರೇನಿನವರು ಹೇಳಿದ್ರು.

ಡ್ಯೂರಾಲ್
ಅವರನ್ನ ಆ ಕಡೆ ಬಿಡಬೇಡಿ. ಗ್ಯಾಸ್ ಕಟರ್ ಸ್ಪಾರ್‌ಗೆ (ರೆಕ್ಕೆಯೊಳಗಿನ ಮುಖ್ಯ ತೊಲೆಗೆ) ಒಮ್ಮೆ ತಾಗಿದರೆ ಆ ವಿಮಾನ ಬೊಂಬೆ. ಡ್ಯೂರಾಲುಮಿನ್ ಬೆಸೆಯೋ ಲೋಹವೇ ಅಲ್ಲ. ರೆಕ್ಕೆ ಬೇರಿಗೆ (ಮೈಗೆ ಸೇರೋ ಜಾಗಕ್ಕೆ) ಬೋಲ್ಟು, ಬುಷ್ ಇರುತ್ತೆ. ಸಡಿಲಿಸೋ ಮುಂಚೆ ರೆಕ್ಕೆ ತುದಿಗೂ ಬೇರಿಗೂ ಆನಿಕೆ ಕೊಟ್ಟು ಬೋಲ್ಟಿನ ಮೇಲಿನ ಭಾರ ಪೂರ್ತಿ ಇಳಿಸಿ, ಆಗ ಅದು ಕೈಯಲ್ಲೇ ಜಾರುತ್ತೆ. ಸುತ್ತಿಗೆ ಬೇಕಾಯ್ತು ಅಂದರೆ ಭಾರ ಇಳಿದಿಲ್ಲ ಅಂತಲೇ ಅರ್ಥ. ಪ್ರತಿ ಬೋಲ್ಟು, ವಾಷರ್, ಶಿಮ್ಮು ಒಂದೊಂದು ಚೀಲದಲ್ಲಿ, ಅದಕ್ಕೊಂದು ತಗಡಿನ ಚೀಟಿ, ಜಾಗದ ಫೋಟೋ. ಪೈಪು, ಕೇಬಲ್ ತುದಿಗೆ ಮುಚ್ಚಳ. ಬಿಚ್ಚೋದು, ಸಾಗಣೆ, ಜೋಡಣೆ ಖರ್ಚು ಸಾಮಾನ್ಯವಾಗಿ ಪಡೆಯೋರ ಮೇಲೆ ಬೀಳುತ್ತೆ, ಕರಡಿನಲ್ಲಿ ಸೇರಿಸಿಡಿ.

ಎಲ್ಲಕ್ಕಿಂತ ಮೊದಲು ಅಪಾಯದ ಪಟ್ಟಿ. ಎಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟನ್ನ ಹೊರಕ್ಕೆ ಚಿಮ್ಮಿಸೋ ಸೀಟು) ಸ್ಫೋಟಕ ಕಾರ್ಟ್ರಿಜ್ ತೆಗೆದಿದೆ ಅಂತ ಬರಹದ ಪ್ರಮಾಣಪತ್ರ ಇಲ್ಲದೆ ಯಾರೂ ಆ ಸೀಟಲ್ಲಿ ಕೂರಬಾರದು, ಶಾಸಕರೂ ಫೋಟೋಕ್ಕೆ ಕೂರಬಾರದು. ಲ್ಯಾಂಡಿಂಗ್ ಗೇರಿನ ಕಾಲು, ಹೈಡ್ರಾಲಿಕ್ ಅಕ್ಯುಮುಲೇಟರ್ ಒಳಗೆ ವರ್ಷಗಟ್ಟಲೆ ಆದರೂ ಒತ್ತಡದ ಅನಿಲ ನಿಂತಿರುತ್ತೆ, ಗಾಳಿ ಬಿಡದೆ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ. ಕತ್ತಲಲ್ಲಿ ಹೊಳೆಯೋ ಹಳೇ ಮೀಟರ್ ಡಯಲ್‌ಗಳಲ್ಲಿ ರೇಡಿಯಂ ಇರಬಹುದು. ಬಣ್ಣ ಕಂದಿ ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರಲ್ಲ. ಗಾಜು ಬಿಚ್ಚಬೇಡಿ, ಗೈಗರ್ ಮೀಟರಿನಲ್ಲಿ ಪರೀಕ್ಷಿಸಿ ಬೇರೆ ಇಡಿ.

2ಅಡಿಗೇಜ್
ಇದೇ ಪಟ್ಟಿಗೆ ಸೇರಿಸಿ: ಹಳೇ ಬಾಯ್ಲರ್ ಸುತ್ತ ತಗಡಿನ ಒಳಗಿರೋ ಬಿಳೀ ಹೊದಿಕೆ ಕಲ್ನಾರು ಅಂತಲೇ ಹಿಡಿದು ನಡೀಬೇಕು, ಒಣಗಿದ್ದನ್ನ ಕೆರೆಯಬಾರದು. ಪವರ್ ಹೌಸಿನಿಂದ ಬರೋ ಹಳೇ ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನ ಪಿಸಿಬಿ (ಹಳೇ ಎಣ್ಣೆಯಲ್ಲಿ ಇರಬಹುದಾದ ವಿಷದ ರಾಸಾಯನಿಕ) ಪರೀಕ್ಷೆ ಆಗೋ ತನಕ ಮುಟ್ಟಬೇಡಿ.

ಹಬೆ ಎಂಜಿನ್ ನಿಲ್ಲಿಸಿಡೋದು ಹೀಗೆ. ಮೊದಲು ಸ್ಮೋಕ್‌ಬಾಕ್ಸಿನ (ಚಿಮಣಿ ಕೆಳಗಿನ ಹೊಗೆ ಗೂಡಿನ) ಬೂದಿ ಪೂರ್ತಿ ಕೆರೆದು ತೆಗೀರಿ. ಕಲ್ಲಿದ್ದಲು ಬೂದಿಯಲ್ಲಿ ಗಂಧಕ ಇರುತ್ತೆ, ಪಸೆ ಸೇರಿದರೆ ಆಮ್ಲ. ಸ್ಮೋಕ್‌ಬಾಕ್ಸಿನ ತಳ ಜರಡಿ ಆಗೋದು ಇದರಿಂದ. ಬಾಯ್ಲರಿನ ನೀರು ಬಸಿದು ವಾಷ್‌ಔಟ್ ಪ್ಲಗ್, ಮಡ್ ಡೋರ್ (ಬಾಯ್ಲರ್ ತೊಳೆಯೋ ತೂತಿನ ಮುಚ್ಚಳಗಳು) ಎಲ್ಲ ಬಿಚ್ಚಿ, ಬಿಸಿಗಾಳಿ ಬ್ಲೋವರ್ ಹಾಕಿ ಒಣಗಿಸಿ. ಪ್ಲಗ್ ಮತ್ತೆ ಬಿಗಿಯಬೇಡಿ, ತೂತಿಗೆ ಜಾಲರಿ ಸಾಕು, ಒಳಗೆ ಗಾಳಿ ಆಡಬೇಕು. ಚಿಮಣಿಗೆ ಮುಚ್ಚಳ, ಅಂಚಲ್ಲಿ 25 ಮಿ.ಮೀ. ಸಂದು, ಬಾವಲಿಗೆ ಜಾಲರಿ. ಬಾಯ್ಲರಿನ ಮೇಲ್ತಗಡನ್ನ ಒಂದು ಸಲ ತೆಗೆದು ನೋಡಲೇಬೇಕು, ಹೊದಿಕೆ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತೆ. ಹಳಿಯನ್ನ ಜಲ್ಲಿ, ಸ್ಲೀಪರಿನ ಮೇಲೇ ಹಾಕಿ. ಕಾಂಕ್ರೀಟಿನಲ್ಲಿ ಹೂತರೆ ಚಕ್ರದ ಅಂಚಿನ ಪಕ್ಕದ ಕಾಲುವೆಯಲ್ಲಿ ನೀರು ನಿಂತೇ ಇರುತ್ತೆ.

ಜನಕ್ಕೆ ಚಕ್ರ ತಿರುಗಿಸಿ ತೋರಿಸಬೇಕು ಅಂದರೆ ಹಬೆ ಎಬ್ಬಿಸೋ ಯೋಚನೆ ಬಿಡಿ. ಬಾಯ್ಲರ್ ನೋಂದಣಿ, ತಪಾಸಣೆ, ಅರ್ಹ ಅಟೆಂಡೆಂಟ್, ಅದೇ ಒಂದು ಸಂಸಾರ. ಕಂಪ್ರೆಸ್ಡ್ ಗಾಳಿ ಸಾಕು. ಮುಖ್ಯ ಸ್ಟೀಮ್ ಪೈಪಿಗೆ ಕುರುಡು ಫ್ಲ್ಯಾಂಜ್ (ತೂತಿಲ್ಲದ ಮುಚ್ಚುತಟ್ಟೆ) ಹಾಕಿ ಬಾಯ್ಲರನ್ನ ಬೇರ್ಪಡಿಸಿ ಗಾಳಿಯನ್ನ ನೇರ ಸ್ಟೀಮ್ ಚೆಸ್ಟಿಗೆ (ಸಿಲಿಂಡರಿಗೆ ಹಬೆ ಹಂಚೋ ಪೆಟ್ಟಿಗೆಗೆ) ಕೊಡಿ. ಹಳೇ ಬಾಯ್ಲರನ್ನೇ ಗಾಳಿಯ ಟ್ಯಾಂಕ್ ಮಾಡಿಕೊಂಡರೆ ಅದು ಬಾಂಬು. ಚಕ್ರ ಹಳಿಯಿಂದ ಎತ್ತಿದ್ದರೆ 2–3 ಕೆ.ಜಿ. ಒತ್ತಡಕ್ಕೇ ತಿರುಗುತ್ತೆ. ಹಬೆಗೆ ಬಳಸೋ ದಪ್ಪ ಸಿಲಿಂಡರ್ ಎಣ್ಣೆ ತಣ್ಣನೆ ಗಾಳಿಗೆ ಹರಿಯಲ್ಲ. ಐಎಸ್‌ಒ 68ರ (ತೆಳು ದರ್ಜೆಯ) ಎಣ್ಣೆ, ಲೈನಿನಲ್ಲಿ ಒಂದು ಲೂಬ್ರಿಕೇಟರ್. ಮುಗಿದ ಮೇಲೆ ಡ್ರೈನ್ ಕಾಕ್ ತೆಗೆದಿಡಿ, ಗಾಳಿಯ ಜೊತೆ ಬಂದ ನೀರು ಸಿಲಿಂಡರಲ್ಲಿ ಉಳಿಯುತ್ತೆ.

ಗಿರಣಿಪೇಟೆ
ಅಕ್ಕಿ ಗಿರಣಿಯ ಒಂಟಿ ಸಿಲಿಂಡರ್ ಆಯಿಲ್ ಎಂಜಿನ್ ಪಿಸ್ಟನ್ ಕಚ್ಚಿಕೊಂಡಿದ್ದರೆ? ಫ್ಲೈವೀಲಿಗೆ ಸರಪಳಿ ಹಾಕಿ ಟ್ರ್ಯಾಕ್ಟರಲ್ಲಿ ಎಳೆದರೆ ಬಿಡುತ್ತೆ ಅಂತಾರೆ.

ಹಳೇಪಿಸ್ಟನ್
ಬಿಡುತ್ತೆ, ಫ್ಲೈವೀಲಿನ ಕಡ್ಡಿ ಮುರಿದು ಬಿಡುತ್ತೆ. ಎರಕ ಎಳೆತ ತಡೆಯಲ್ಲ. ಹೆಡ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್ಲೂ ಎಟಿಎಫ್ (ಆಟೋಮ್ಯಾಟಿಕ್ ಗೇರಿನ) ಎಣ್ಣೆಯೂ ಸಮ ಬೆರೆಸಿ ತುಂಬಿ ಎರಡು ವಾರ ಬಿಡಿ, ಇಳಿದಷ್ಟು ಮತ್ತೆ ಹಾಕ್ತಾ ಇರಿ. ಸಿಲಿಂಡರ್ ಮಲಗಿರೋ ಅಡ್ಡ ಎಂಜಿನ್ ಆದರೆ ದ್ರವ ಕೆಳಬದಿ ಮಾತ್ರ ನಿಲ್ಲುತ್ತೆ, ಬಟ್ಟೆ ನೆನೆಸಿ ಮೇಲ್ಬದಿಗೆ ತುರುಕಬೇಕು. ಪಿಸ್ಟನಿನ ಮುಂದೆ ಬೋರಿನ ಗೋಡೆಯಲ್ಲಿ ತುಕ್ಕಿನ ದಡ ಇರುತ್ತೆ, ಅದನ್ನ ಮೊದಲು ಉಜ್ಜಿ ಸಪಾಟು ಮಾಡಿ, ಇಲ್ಲಾಂದ್ರೆ ರಿಂಗು ಅಲ್ಲೇ ಸಿಕ್ಕಿ ಮುರಿಯುತ್ತೆ. ಆಮೇಲೆ ಬೋರಿಗಿಂತ 5 ಮಿ.ಮೀ. ಸಣ್ಣ ಮರದ ದಿಮ್ಮಿ ಇಟ್ಟು ಹೈಡ್ರಾಲಿಕ್ ಜ್ಯಾಕಿನಲ್ಲಿ ಕೂದಲೆಳೆಯಷ್ಟು ಆಚೆ, ಮತ್ತೆ ಈಚೆ. ಒಂದೇ ದಿಕ್ಕಿಗೆ ದೂಡಬೇಡಿ. ಒಂದೇ ಜಾಗಕ್ಕೆ ಗ್ಯಾಸ್ ಬೆಂಕಿ ಹಿಡಿದರೆ ನೀರಿನ ಜಾಕೆಟ್ ಟಪ್ ಅಂತ ಬಿರಿಯುತ್ತೆ.

ಸಣ್ಣ ಕಬ್ಬಿಣದ ಭಾಗಗಳ ತುಕ್ಕಿಗೆ ವಿದ್ಯುತ್ ಸ್ನಾನ: ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೀಟರ್ ನೀರಿಗೆ 10–15 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, ಮೈನಸ್ ಸಾಮಾನಿಗೆ, ಪ್ಲಸ್ ಗುಜರಿ ಕಬ್ಬಿಣದ ತಗಡಿಗೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಹಾಕಿದರೆ ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತೆ. ಅಲ್ಯೂಮಿನಿಯಂ, ಹಿತ್ತಾಳೆ, ಗಟ್ಟಿ ಸ್ಪ್ರಿಂಗ್ ಇದಕ್ಕೆ ಹಾಕಬಾರದು. ಹೈಡ್ರೋಜನ್ ಏಳುತ್ತೆ, ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಬೇಡ.

ಅಡಿಕೆಚೊಗರು
ತುಕ್ಕು ಕಪ್ಪಾಗಿಸೋ ದ್ರಾವಣಕ್ಕೆ ಟ್ಯಾನಿಕ್ ಆಮ್ಲ ಬೇಕಲ್ಲ, ನಮ್ಮ ಅಡಿಕೆ ಚೊಗರಲ್ಲೂ ಟ್ಯಾನಿನ್ನೇ ಇರೋದು. ಅದನ್ನೇ ಬಳಿದರೆ ಆಗಲ್ವಾ?

2ಅಡಿಗೇಜ್
ಕಬ್ಬಿಣ ಕಪ್ಪಾಗೋದೇನೋ ನಿಜ, ಅಡಿಕೆ ಬೇಯಿಸೋ ಮನೆಯ ಕತ್ತಿ, ಹಂಡೆ ನೋಡಿದೋರಿಗೆ ಗೊತ್ತು. ಆದರೆ ಚೊಗರಲ್ಲಿ ಅಂಟು, ಸಕ್ಕರೆ, ಇನ್ನೇನೇನೋ ಇದೆ. ಪದರ ಮೆತ್ತಗೇ ಉಳಿದು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ, ಮೇಲಿನ ಬಣ್ಣ ಸಿಪ್ಪೆ ಎದ್ದು ಬರುತ್ತೆ. ಟ್ಯಾನಿಕ್, ಫಾಸ್ಫಾರಿಕ್ ಬೆರೆಸಿದ ಸಿದ್ಧ ದ್ರಾವಣ ತಗೊಳ್ಳಿ. ಚೊಗರನ್ನ ಗಾಜಿನ ಪೆಟ್ಟಿಗೆಯಲ್ಲಿ ಅಡಿಕೆ ಯಂತ್ರದ ಪಕ್ಕ ಇಡಿ, ಅಲ್ಲಿ ಚಂದ.

ಬಣ್ಣದಡಬ್ಬಿ
ಬಣ್ಣದ ಬಗ್ಗೆ ಯಾರೂ ಹೇಳಿಲ್ಲ. ತುಕ್ಕಿನ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಸಿಲ್ವರ್, ಉದ್ಘಾಟನೆಗೆ ಮುಂಚೆ ಎರಡು ದಿನದಲ್ಲಿ ಮುಗಿಸೋದು ನಮ್ಮ ಕಡೆ ಪದ್ಧತಿ. ಒಂದು ಮಳೆಗೆ ಗುಳ್ಳೆ.

ಹೊರಗೆ ನಿಲ್ಲೋ ಉಕ್ಕಿಗೆ ಮಾತ್ರ: ಮರಳು ಹೊಡೆದು ಎಸ್‌ಎ 2.5 (ತುಕ್ಕು ತೆಗೆದ ಮೈಯ ಶುಚಿಯ ದರ್ಜೆ) ಮಟ್ಟಕ್ಕೆ ಬಿಳಿ ಮಾಡಿ, ನಾಲ್ಕು ಗಂಟೆಯೊಳಗೆ ಜಿಂಕ್ ಎಪಾಕ್ಸಿ ಪ್ರೈಮರ್ 60–75 ಮೈಕ್ರಾನ್, ನಡುವೆ ಎಪಾಕ್ಸಿ ಎಂಐಒ (ಅಭ್ರಕದಂಥ ಕಬ್ಬಿಣದ ಆಕ್ಸೈಡ್ ಬೆರೆಸಿದ್ದು) 100–125, ಮೇಲೆ ಪಾಲಿಯುರೆಥೇನ್ 50–60. ತೇವಾಂಶ ಶೇ 85ರ ಒಳಗಿರಬೇಕು, ಲೋಹದ ಶಾಖ ಇಬ್ಬನಿ ಬಿಂದುವಿಗಿಂತ (ಗಾಳಿಯ ಪಸೆ ನೀರಾಗೋ ಶಾಖ) 3 ಡಿಗ್ರಿ ಆದರೂ ಮೇಲಿರಬೇಕು. ಇದರ ಲೆಕ್ಕ ಹಾಕಿದರೆ ಮಲೆನಾಡಲ್ಲಿ ಬಣ್ಣದ ಕಾಲ ಜನವರಿಯಿಂದ ಮಾರ್ಚ್, ಅದೂ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು. ಟೆಂಡರಿನ ತಾರೀಕು ಇದಕ್ಕೆ ಹೊಂದಬೇಕೇ ಹೊರತು ಮಾರ್ಚ್ 31ಕ್ಕಲ್ಲ.

ಒಳಗೆ ಇರೋ ಸಾಮಾನಿಗೆ ಮರಳು ಹೊಡೆಯೋದೇ ಬೇಡ. ಮೂಲ ಬಣ್ಣವೂ ದಾಖಲೆ. ಕಾಣದ ಮೂಲೆಯಲ್ಲಿ ನಾಣ್ಯದಗಲ ಜಾಗ ತಗೊಂಡು ನೀರುಕಾಗದದಲ್ಲಿ ನಿಧಾನ ಉಜ್ಜಿದರೆ ಪದರಗಳು ಒಂದರೊಳಗೊಂದು ಉಂಗುರವಾಗಿ ಕಾಣುತ್ತೆ, ಹೊರಗಿನ ಉಂಗುರ ಹೊಸದು, ನಡುವಿನದು ಮೊದಲಿನದು. ಫೋಟೋ ತೆಗೆದಿಡಿ. ತಯಾರಕರ ಹಿತ್ತಾಳೆ ಫಲಕಕ್ಕೆ ಬಣ್ಣವನ್ನೂ ಹುಣಸೆಹಣ್ಣನ್ನೂ ಹಚ್ಚಬೇಡಿ. ಪೆಲ್ಟನ್ ಬಕೆಟ್ಟಿನ ನಡುವಿನ ಏಣು ಮರಳುನೀರಿಗೆ ಸವೆದು ಗರಗಸದ ಹಾಗೆ ಆಗಿದ್ದರೆ ತೋರಿಸಬೇಕಾದ್ದೇ ಅದು. ಬಣ್ಣ ಬಳಿಯದೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತಿಕ್ಕಿ ಬಿಡಿ.

ಜೋಗದಾರಿ
ಲಾಂಚ್ ವಿಷಯ ಯಾರೂ ಮುಟ್ಟಲಿಲ್ಲ. ಹಿನ್ನೀರಲ್ಲೇ ಕಟ್ಟಿಡೋದು ಒಳ್ಳೇದೋ, ದಡಕ್ಕೆ ಎಳೆಯೋದೋ?

ಹಳೇಪಿಸ್ಟನ್
ನೀರಲ್ಲಿ ಇದ್ದರೆ ನಾಲ್ಕೈದು ವರ್ಷಕ್ಕೊಮ್ಮೆ ಮೇಲೆತ್ತಿ ತಳ ಕೆರೆಯಲೇಬೇಕು, ಆ ಹಣ ಖಾಯಂ ಸಿಗುತ್ತೆ ಅಂತ ಬರೆದುಕೊಡೋರು ಯಾರು? ಸಾಲದ್ದಕ್ಕೆ ಲಿಂಗನಮಕ್ಕಿ ನೀರು ಬೇಸಿಗೆಗೆ ಇಳಿದರೆ ಕಟ್ಟಿದ ದೋಣಿ ಇಳಿಜಾರಿನಲ್ಲಿ ಒಂದು ಮೂಲೆ ಮೇಲೆ ಕೂತು ತಗಡು ತಿರುಚುತ್ತೆ. ದಡವೇ ಸರಿ. ಎಳೆಯೋ ಮುಂಚೆ ಅಲ್ಟ್ರಾಸಾನಿಕ್ ಮೀಟರಲ್ಲಿ ತಗಡಿನ ದಪ್ಪ ಅಳೆಯಿರಿ. ನೀರಿನ ಮಟ್ಟದ ಗೆರೆಯಲ್ಲಿ, ಒಳಗೆ ಕೊಳೆನೀರು ನಿಲ್ಲೋ ತಳದಲ್ಲಿ ತೆಳುವಾಗಿರುತ್ತೆ. ಒಳಗಿನ ಅಡ್ಡಪಟ್ಟಿಗಳ ನೇರ ಕೆಳಗೇ ಮರದ ದಿಮ್ಮಿ ಇಡಬೇಕು, ಎರಡು ಪಟ್ಟಿಯ ನಡುವೆ ಇಟ್ಟರೆ ತಗಡು ಒಳಕ್ಕೆ ತಗ್ಗುತ್ತೆ. ಹಿಂದಿನ ತುದಿ ಒಂದು ಗೇಣು ತಗ್ಗಿಸಿ, ಅಲ್ಲೊಂದು ಡ್ರೈನ್ ಪ್ಲಗ್. ನೀರಲ್ಲೇ ಇಡ್ತೀವಿ ಅಂತ ಹಟ ಹಿಡಿದರೆ ಆನೋಡು (ತಗಡಿನ ಬದಲು ತಾನು ಕೊರೆದು ಹೋಗೋ ಲೋಹದ ಗಟ್ಟಿ) ಮೆಗ್ನೀಸಿಯಂನದ್ದು ಹಾಕಿ. ಸತುವಿನದ್ದು ಸಮುದ್ರಕ್ಕೆ, ಸಿಹಿನೀರಲ್ಲಿ ಅದು ಸುಮ್ಮನೆ ಕೂರುತ್ತೆ.

ತುಂಗಾತೀರ
ವಿಮಾನದ ಶೆಡ್ಡಿಗೆ ಡಿಹ್ಯುಮಿಡಿಫೈಯರ್ (ಗಾಳಿಯ ಪಸೆ ಹಿಂಡೋ ಯಂತ್ರ) ಹಾಕಿಬಿಟ್ಟರೆ ಹೇಗೆ?

ಡ್ಯೂರಾಲ್
ದೊಡ್ಡ ಶೆಡ್ಡಿಗೆ ಆಗೋ ಮಾತಲ್ಲ, ಲೆಕ್ಕ ನೋಡಿ. 23 ಡಿಗ್ರಿಯಲ್ಲಿ ಶೇ 95 ತೇವದ ಗಾಳಿ ಘನ ಮೀಟರಿಗೆ ಸುಮಾರು 19.5 ಗ್ರಾಂ ನೀರು ಹೊತ್ತಿರುತ್ತೆ, ಶೇ 50ಕ್ಕೆ ತರೋಕೆ 9 ಗ್ರಾಂ ಹಿಂಡಬೇಕು. 200 ಘನ ಮೀಟರಿನ ಕೋಣೆಯಲ್ಲಿ ಗಂಟೆಗೆ ಅರ್ಧದಷ್ಟು ಗಾಳಿ ಸಂದಿನಿಂದ ಬದಲಾದರೂ ಗಂಟೆಗೆ 900 ಗ್ರಾಂ, ದಿನಕ್ಕೆ 22 ಲೀಟರ್. ಯಂತ್ರದ ಮೇಲೆ ಬರೆದಿರೋ ಲೀಟರ್ ಲೆಕ್ಕ 30 ಡಿಗ್ರಿ, ಶೇ 80ರದ್ದು, ನಮ್ಮ ಆಷಾಢದ ಥಂಡಿಗೆ ಅಷ್ಟು ಸಿಗಲ್ಲ. ಮೀಟರ್, ಕಾಗದ, ಚರ್ಮ, ಎಂಜಿನ್ ಒಳಭಾಗ ಇಡೋಕೆ ಒಂದು ಬಿಗಿ ಕೋಣೆ ಮಾಡಿ ಅದಕ್ಕೆ ಮಾತ್ರ ಹಾಕಿ. ಕರೆಂಟು ಮೂರು ದಿನ ಹೋದರೂ ತಡೆಯೋ ಹಾಗೆ ಗಾಜಿನ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಇರಲಿ, ಘನ ಮೀಟರಿಗೆ 20 ಕೆ.ಜಿ. ಲೆಕ್ಕ, ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಹುರಿದು ಮತ್ತೆ ಬಳಸಬಹುದು.

ಗಿರಣಿಪೇಟೆ
ಎತ್ತಿನ ಗಾಡಿ, ಮರದ ಚೌಕಟ್ಟಿನ ಬಸ್ಸಿನ ಬಾಡಿಗೆ?

2ಅಡಿಗೇಜ್
100 ಲೀಟರ್ ಬಿಸಿನೀರಿಗೆ 3 ಕೆ.ಜಿ. ಬೊರಾಕ್ಸ್, 2 ಕೆ.ಜಿ. ಬೋರಿಕ್ ಆಮ್ಲ, ಬಣ್ಣ ಇಲ್ಲದ ಮರಕ್ಕೆ ಎರಡು ಮೂರು ಸಲ. ಕುಟ್ಟೆಹುಳಕ್ಕೆ ಒಳ್ಳೇದು. ಮಳೆ ತಾಗಿದರೆ ತೊಳೆದು ಹೋಗುತ್ತೆ, ಹಾಗಾಗಿ ಮಾಡಿನ ಕೆಳಗೆ ಮಾತ್ರ. ಒರಲೆಗೆ ಮುಖ್ಯ ಮದ್ದು ಗಾಡಿಯ ಚಕ್ರ ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಇಡೋದು, ಗೋಡೆಯಿಂದ ಒಂದು ಮೀಟರ್ ಬಿಡೋದು. ಮಣ್ಣಿನ ಗೆರೆ ಎದ್ದರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತೆ. ಬಸ್ಸಿಗೆ: ಬ್ಯಾಟರಿ ಹೊರಗೆ, ಡೀಸೆಲ್ ಖಾಲಿ, ಬ್ರೇಕ್ ಆಯಿಲ್ ಬದಲು (ಅದು ಗಾಳಿಯ ನೀರು ಹೀರಿ ಸಿಲಿಂಡರ್ ತಿನ್ನುತ್ತೆ), ಚಾಸಿ ಸ್ಟ್ಯಾಂಡಿನ ಮೇಲೆ.

ತುಂಗಾತೀರ
ಕೊನೇದೊಂದು. ಎಂಜಿನಿಯರ್ ನಕ್ಷೆಯಲ್ಲಿ ಶೆಡ್ಡಿನ ಬಾಗಿಲು 10 ಮೀಟರ್, ರಸ್ತೆ ಇರೋ ಪಡುವಣಕ್ಕೆ ಮುಖ. ಸಾಕಾ?

ಡ್ಯೂರಾಲ್
ಕಿರಣ್ ರೆಕ್ಕೆಯೇ 10.7 ಮೀ. ಇದೆಯಲ್ಲ ಸರ್! ಒಂದೊಂದು ಬದಿಗೆ ಮುಕ್ಕಾಲು ಮೀಟರ್ ಆದರೂ ಬಿಡಬೇಕು, ಅಂದರೆ 12.2 ಮೀ., 12.5 ಇಟ್ಟುಕೊಳ್ಳಿ. ಬಾಲ 3.6 ಮೀ. ಎತ್ತರ, ಕ್ರೇನಿನ ಕೈ ಒಳಗೆ ಬರೋದೂ ಸೇರಿ ಬಾಗಿಲು 6 ಮೀ. ಎತ್ತರ ಇರಲಿ. ಮುಖ ಮೂಡಣಕ್ಕೆ ತಿರುಗಿಸಿ, ರಸ್ತೆಯನ್ನ ಸುತ್ತು ಹಾಕಿ ತನ್ನಿ. ಪಡುವಣಕ್ಕೆ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಗಿಲು ತೆಗೆದಾಗೆಲ್ಲ ಇರಚಲು ನೇರ ವಿಮಾನದ ಮೂಗಿಗೆ. ಜಾರೋ ಬಾಗಿಲಿನ ಕೆಳಹಳಿಗೆ ಎರಡು ಮೀಟರಿಗೊಂದು ನೀರು ಹೋಗೋ ತೂತು ಹಾಕಿಸಿ, ಇಲ್ಲದಿದ್ದರೆ ಮೊದಲು ತುಕ್ಕು ಹಿಡಿದು ಕಚ್ಚಿಕೊಳ್ಳೋದು ಆ ಬಾಗಿಲೇ.